ಓದುಗರ ಪ್ರಶ್ನೆ, ನಮ್ಮ ಉತ್ತರ: ಅಲ್ಲಿ ಹಾಗೆ, ಇಲ್ಲಿ ಯಾಕೆ ಹೀಗೆ?

ಬೇರೆ ನಗರ ನೋಡಿಬಂದವರಿಗೆ ತಮ್ಮೂರಿನ ಬಗ್ಗೆ ಎದ್ದ ಪ್ರಶ್ನೆಗಳು ಈ ಸಲದ ಪತ್ರಗಳಲ್ಲಿ ಬಹಳ ಇದ್ದವು. ಒಂದೇ ಅರ್ಥದವನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: ಮುಂದಿನ ತಿಂಗಳು ದೊಡ್ಡ ನಗರವೊಂದಕ್ಕೆ ನಾಲ್ಕು ದಿನ ಹೋಗುತ್ತಿದ್ದೇನೆ. ಹಿಂದೆಲ್ಲ ಹೀಗೆ ಹೋಗಿಬಂದಾಗ "ಅಲ್ಲಿ ತುಂಬಾ ಚೆನ್ನಾಗಿದೆ" ಅನ್ನುವುದು ಬಿಟ್ಟರೆ ಬೇರೇನೂ ಹೇಳಲು ಬರುತ್ತಿರಲಿಲ್ಲ. ಈ ಸಲ ನಮ್ಮೂರಿನ ಜತೆ ಸರಿಯಾಗಿ ಹೋಲಿಸಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮೂರಿನಿಂದಲೇ, ಅದೂ ಹೊರಡುವ ಮೊದಲು. ಹೋಲಿಕೆ ಕೆಡುವುದು ಬಹುಪಾಲು ಇಲ್ಲೇ. ಅಲ್ಲಿ ನೀವು ರಜೆಯಲ್ಲಿರುತ್ತೀರಿ. ಅವಸರ ಇರುವುದಿಲ್ಲ, ಹತ್ತು ಗಂಟೆಯ ಮೇಲೆ ಹೊರಗೆ ಬೀಳುತ್ತೀರಿ, ಊರವರು ಮುತುವರ್ಜಿಯಿಂದ ಇಟ್ಟುಕೊಂಡ ನಡುಭಾಗದಲ್ಲೇ ಓಡಾಡುತ್ತೀರಿ. ನಿಮ್ಮೂರಿನ ಬಗ್ಗೆ ತಲೆಯಲ್ಲಿರುವುದು ಮಾತ್ರ ಸೋಮವಾರ ಬೆಳಗಿನ ಎಂಟೂವರೆಯ ನೆನಪು. ಈ ಎರಡನ್ನು ತಕ್ಕಡಿಗೆ ಹಾಕಿದರೆ ತೂಗುವುದು ನಗರಗಳನ್ನಲ್ಲ, ರಜೆಯನ್ನೂ ಕೆಲಸದ ದಿನವನ್ನೂ.

ಆದ್ದರಿಂದ ಹೊರಡುವ ವಾರದಲ್ಲಿ ನಿಮ್ಮೂರಿನಲ್ಲಿ ಸರಿಯಾಗಿ ಒಂದು ಕಿಲೋಮೀಟರ್ ದಾರಿ ಆರಿಸಿಕೊಳ್ಳಿ. ಜನ ವಾಸಿಸುವ ಬೀದಿಯಲ್ಲಿ ಅದು ಶುರುವಾಗಲಿ, ಒಂದು ದೊಡ್ಡ ರಸ್ತೆಯನ್ನಾದರೂ ದಾಟಲಿ, ಬಸ್ ನಿಲ್ದಾಣವನ್ನೋ ಮಾರುಕಟ್ಟೆಯನ್ನೋ ಮುಟ್ಟಲಿ. ವಾರದ ನಡುವಿನ ದಿನ, ಬೆಳಗ್ಗೆ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ ನಡೆಯಿರಿ. ಎಲ್ಲೂ ನಿಲ್ಲದಿದ್ದರೆ ಸಾಧಾರಣ ನಡಿಗೆಗೆ 12ರಿಂದ 13 ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದ ಪ್ರತಿ ನಿಮಿಷವೂ ಕಾದದ್ದು, ಸುತ್ತಿದ್ದು, ತಪ್ಪಿಸಿಕೊಂಡದ್ದು. ಜತೆಗೆ ನಾಲ್ಕೇ ನಾಲ್ಕು ಎಣಿಕೆ ಇಟ್ಟುಕೊಳ್ಳಿ: ಫುಟ್‌ಪಾತ್‌ನಿಂದ ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು, ದಾಟಲು ಒಟ್ಟು ಎಷ್ಟು ಸೆಕೆಂಡು ಕಾದಿರಿ, ದುಡ್ಡು ಕೊಡದೆ ಕೂರಬಹುದಾದ ಜಾಗ ಎಷ್ಟು ಸಿಕ್ಕಿತು, ನೂರು ಹೆಜ್ಜೆಗೆ ಎಷ್ಟು ಹೆಜ್ಜೆ ನೆರಳಲ್ಲಿದ್ದವು.

ಆ ನಗರದಲ್ಲೂ ಇದೇ ಒಂದು ಕಿಲೋಮೀಟರ್, ಇದೇ ವಾರದ ದಿನ, ಇದೇ ಹೊತ್ತು. ಹೋಟೆಲಿನ ಬಾಗಿಲಿನಿಂದ ಮಾತ್ರ ಶುರು ಮಾಡಬೇಡಿ. ನಿಮ್ಮ ಮನೆ ಊರಿನ ನಡುವಿನಿಂದ ಆರು ಕಿಲೋಮೀಟರ್ ದೂರದಲ್ಲಿದ್ದರೆ ಅಲ್ಲಿಯೂ ನಡುವಿನಿಂದ ಅಷ್ಟೇ ದೂರ ಹೋಗಿ ಇಳಿಯಿರಿ. ನಡುಭಾಗಕ್ಕೆ ನಡುಭಾಗ, ಅಂಚಿಗೆ ಅಂಚು. ನಾಲ್ಕು ದಿನದಲ್ಲಿ ಅರ್ಧ ದಿನವನ್ನು ಇದಕ್ಕೆ ಮೀಸಲಿಟ್ಟರೆ ಸಾಕು. ನಕ್ಷೆಯಲ್ಲಿ ಯಾವ ಪ್ರವಾಸಿ ತಾಣವೂ ಗುರುತಾಗಿಲ್ಲದ ನಿಲ್ದಾಣ ಇಂಥ ನಡಿಗೆಗೆ ಒಳ್ಳೆಯ ಆಯ್ಕೆ.

ಬರೆದುಕೊಳ್ಳುವುದು ಆಯಾ ಹೊತ್ತಿಗೇ ಆಗಬೇಕು. ರಾತ್ರಿ ಕೋಣೆಗೆ ಬಂದು ಬರೆದರೆ ಇಷ್ಟವಾದದ್ದು ಮಾತ್ರ ಉಳಿದಿರುತ್ತದೆ.

ಪ್ರಶ್ನೆ: ಅಲ್ಲಿ ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ನಡೆದರೂ ದಣಿವಾಗಲಿಲ್ಲ. ನಮ್ಮೂರಲ್ಲಿ ಅರ್ಧ ಕಿಲೋಮೀಟರ್‌ಗೇ ಸುಸ್ತು. ಹವೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಕಾರಣ ಏನು?

ಉತ್ತರ: ಮೊದಲು ಒಂದು ಓಣಿಯ ಉದ್ದ ನೋಡಿ, ಅಂದರೆ ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ ಇರುವ ದೂರ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಹಳೆಯ ಭಾಗದಲ್ಲಿ ಇದು ಸುಮಾರು 61 ಮೀಟರ್. ಸಾಲ್ಟ್ ಲೇಕ್ ಸಿಟಿಯಲ್ಲಿ ಸುಮಾರು 201 ಮೀಟರ್. ಮೊದಲನೆಯದರಲ್ಲಿ ನಿಮಿಷಕ್ಕೊಂದು ತಿರುವು ಸಿಗುತ್ತದೆ, ಬೇಕಾದ ಕಡೆಗೆ ಹೊರಳಬಹುದು. ಎರಡನೆಯದರಲ್ಲಿ ಎದುರಿಗೇ ಕಾಣುವ ಕಟ್ಟಡ ಮುಟ್ಟಲು ಎರಡು ಬದಿ ಸುತ್ತಬೇಕು. ದಾರಿ ಆರಿಸಿಕೊಳ್ಳಬಹುದು ಅನ್ನಿಸಿದಾಗ ಅದೇ ದೂರ ಚಿಕ್ಕದಾಗಿ ಕಾಣುತ್ತದೆ.

ಎರಡನೆಯದು ಬದಿಯ ಗೋಡೆ. ಬೀದಿ ಬದುಕಿನ ಅಧ್ಯಯನದಲ್ಲಿ ಜೀವಮಾನ ಕಳೆದ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್, 100 ಮೀಟರ್‌ಗೆ 15ರಿಂದ 20 ಬಾಗಿಲುಗಳಿರುವ ಬೀದಿಯನ್ನು ಜೀವಂತ ಬೀದಿಯ ಲೆಕ್ಕಕ್ಕೆ ಹಿಡಿಯುತ್ತಾರೆ. ನಾಲ್ಕೈದು ಸೆಕೆಂಡಿಗೊಮ್ಮೆ ಕಣ್ಣಿಗೆ ಹೊಸದೇನೋ ಬೀಳುತ್ತದೆ. ಇನ್ನೂರು ಮೀಟರ್ ಕಾಂಪೌಂಡ್ ಗೋಡೆಯ ಪಕ್ಕ ನಡೆಯುವಾಗ ಕಣ್ಣಿಗೆ ಕೆಲಸವಿಲ್ಲ, ಕಾಲಿನ ನೋವೇ ಎದ್ದು ಕಾಣುತ್ತದೆ. ಎರಡೂ ಊರಲ್ಲಿ 100 ಮೀಟರ್ ಅಳೆದು ಬಾಗಿಲು ಎಣಿಸಿ ನೋಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಎರಡು ಅಂಕಿಗಳಲ್ಲೇ ಸಿಗುತ್ತದೆ.

ಇನ್ನು ಕಾಲಿನ ಕೆಳಗಿನದು. ಫುಟ್‌ಪಾತ್ ಅಂಚಿನ ಕಲ್ಲು ಸಾಮಾನ್ಯವಾಗಿ 15 ಸೆಂಟಿಮೀಟರ್ ಎತ್ತರ ಇರುತ್ತದೆ, ಅಂದರೆ ಮನೆ ಮೆಟ್ಟಿಲಿನಷ್ಟು. ಪ್ರತಿ ಗೇಟಿನ ಮುಂದೆ ಫುಟ್‌ಪಾತನ್ನು ಕತ್ತರಿಸಿ ಇಳಿಸಿದ ಊರಿನಲ್ಲಿ ಕಿಲೋಮೀಟರ್‌ಗೆ ನಲವತ್ತು ಗೇಟಿದ್ದರೆ ನಲವತ್ತು ಸಲ ಇಳಿದು ನಲವತ್ತು ಸಲ ಹತ್ತುತ್ತೀರಿ. ಒಟ್ಟು ಆರು ಮೀಟರ್ ಏರಿದ ಹಾಗೆ, ಎರಡು ಮಹಡಿ. ಫುಟ್‌ಪಾತಿನ ಮಟ್ಟ ಹಾಗೇ ಮುಂದುವರಿದು ವಾಹನವೇ ಹತ್ತಿ ಇಳಿಯುವಂತೆ ಕಟ್ಟಿದ ಕಡೆ ಈ ಶ್ರಮ ಇರುವುದಿಲ್ಲ. ಕಟ್ಟುವಾಗ ಯಾರ ಸಲುವಾಗಿ ಕಟ್ಟಿದರು ಅನ್ನುವುದು ಈ ಒಂದು ಜಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವೀಲ್‌ಚೇರಿನವರಿಗೆ, ಮಗುವಿನ ತಳ್ಳುಗಾಡಿ ಹಿಡಿದವರಿಗೆ ಇದು ಬರೀ ಶ್ರಮವಲ್ಲ, ದಾರಿಯೇ ಮುಚ್ಚಿದಂತೆ.

ಸಿಗ್ನಲ್ಲಿನ ಲೆಕ್ಕವನ್ನೂ ನೋಡಿಕೊಳ್ಳಿ. ಹಲವು ಕಡೆ ಪಾದಚಾರಿಯ ವೇಗವನ್ನು ಸೆಕೆಂಡಿಗೆ 1.2 ಮೀಟರ್ ಎಂದಿಟ್ಟುಕೊಂಡು ಹಸಿರು ಸಮಯ ಹಾಕುತ್ತಾರೆ. 20 ಮೀಟರ್ ರಸ್ತೆಗೆ ಆಗ ಸುಮಾರು 17 ಸೆಕೆಂಡು. ಸೆಕೆಂಡಿಗೆ 0.8 ಮೀಟರ್ ನಡೆಯುವ ಹಿರಿಯರಿಗೆ ಬೇಕಾದದ್ದು 25. ಆ ಎಂಟು ಸೆಕೆಂಡು ಅವರು ರಸ್ತೆಯ ನಡುವೆ ಇರುತ್ತಾರೆ. ನಡುವೆ ನಿಲ್ಲಲು ತಂಗುಜಾಗ ಇದೆಯೋ ಇಲ್ಲವೋ ಬರೆದುಕೊಳ್ಳಿ.

ಹೆಸರುವಾಸಿ ನಗರಗಳಲ್ಲೂ ಎಲ್ಲ ಸರಿ ಇರುತ್ತದೆ ಅಂದುಕೊಳ್ಳಬೇಡಿ. ಸ್ಪೇನಿನ ಎಂಜಿನಿಯರ್ ಇಲ್ಡೆಫೋನ್ಸ್ ಸೆರ್ದಾ 1859ರಲ್ಲಿ ರೂಪಿಸಿದ ಬಾರ್ಸಿಲೋನಾದ ಚೌಕಾಕಾರದ ಕಟ್ಟಡ ಸಮೂಹಗಳು ಸುಮಾರು 113 ಮೀಟರ್ ಉದ್ದದವು, ನಾಲ್ಕೂ ಮೂಲೆ ಓರೆಯಾಗಿ ಕತ್ತರಿಸಿದವು. ರಸ್ತೆಗಳು ಕೂಡುವ ಕಡೆ ಬೆಳಕು, ಗಾಳಿ, ತಿರುಗಲು ಜಾಗ ಎಲ್ಲ ಸಿಕ್ಕಿತು. ಆದರೆ ನೇರ ನಡೆಯುವವನು ಪ್ರತಿ ಅಡ್ಡರಸ್ತೆಯಲ್ಲೂ ಆ ಓರೆಯ ಉದ್ದಕ್ಕೆ ಒಳಗೆ ಹೋಗಿ, ದಾಟಿ, ಮತ್ತೆ ಹೊರಗೆ ಬರಬೇಕು.

ಪ್ರಶ್ನೆ: ಅಲ್ಲಿ ನಾನು ದಾರಿ ತಪ್ಪುತ್ತಲೇ ಇದ್ದೆ. ಆ ನಗರವೇ ಗೊಂದಲದ್ದೋ, ನನಗೆ ಪರಿಚಯ ಇಲ್ಲದ್ದಕ್ಕೋ?

ಉತ್ತರ: ಇದನ್ನು ಬೇರ್ಪಡಿಸಿ ನೋಡಲು ಸುಲಭದ ಪರೀಕ್ಷೆ ಇದೆ. ಆ ಊರಿನಲ್ಲೇ ಇರುವ ಇಬ್ಬರಿಗೆ ಕಾಗದ ಕೊಟ್ಟು, ಫೋನ್ ನೋಡದೆ ಊರಿನ ನಡುಭಾಗದ ನಕ್ಷೆ ಬರೆಯಲು ಹೇಳಿ. ನಿಮ್ಮೂರಿನವರು ಇಬ್ಬರಿಂದಲೂ ಬರೆಸಿ. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್‌ಗಳಲ್ಲಿ ಹೀಗೇ ಬರೆಸಿ, ಮಾತಾಡಿಸಿ, 1960ರಲ್ಲಿ ಫಲಿತಾಂಶ ಪ್ರಕಟಿಸಿದರು. ಜನರ ತಲೆಯೊಳಗಿನ ನಕ್ಷೆಯಲ್ಲಿ ಐದು ಬಗೆಯ ವಸ್ತುಗಳಿರುತ್ತವೆ ಅನ್ನುವುದು ಅವರು ಕಂಡದ್ದು: ದಾರಿಗಳು, ನದಿ ಅಥವಾ ರೈಲುಹಳಿಯಂಥ ಅಂಚುಗಳು, ತಮ್ಮದೇ ಚಹರೆಯ ಬಡಾವಣೆಗಳು, ವೃತ್ತ ಜಂಕ್ಷನ್‌ಗಳಂಥ ಕೂಡುಜಾಗಗಳು, ದೂರದಿಂದ ಕಾಣುವ ಗುರುತುಗಳು. ಅಲ್ಲಿಯವರ ನಕ್ಷೆಯಲ್ಲೂ ಇವು ವಿರಳವಾಗಿದ್ದು, ರಸ್ತೆಗಳು ಕಾಗದದ ನಡುವೆ ಕಡಿದುಹೋಗಿದ್ದರೆ ನಗರದ್ದೇ ತೊಡಕು. ಅವರ ನಕ್ಷೆ ತುಂಬಿದ್ದರೆ ನಿಮಗೆ ಬೇಕಾದದ್ದು ಇನ್ನೆರಡು ದಿನ.

ನಿಮ್ಮೂರಿನ ಬಗ್ಗೆ ಇದೇ ಪ್ರಶ್ನೆಗೆ ನೀವು ಉತ್ತರ ಕೊಡಲಾರಿರಿ, ಅಲ್ಲಿ ನಿಮಗೆ ಎಲ್ಲ ಗೊತ್ತು. ಊರಿಗೆ ಬರುವ ನೆಂಟರನ್ನು ಒಂದು ಮಧ್ಯಾಹ್ನ ಒಬ್ಬರೇ ಬಿಟ್ಟು, ಎಲ್ಲೆಲ್ಲಿ ಯಾರನ್ನಾದರೂ ಕೇಳಬೇಕಾಯಿತು ಎಂದು ಗುರುತು ಹಾಕಿಸಿ.

ಪ್ರಶ್ನೆ: ಅಲ್ಲಿಯ ಬಸ್ಸೂ ಹತ್ತು ನಿಮಿಷಕ್ಕೊಂದು, ನಮ್ಮದೂ ಹತ್ತು ನಿಮಿಷಕ್ಕೊಂದು ಎಂದೇ ವೇಳಾಪಟ್ಟಿಯಲ್ಲಿದೆ. ಅಲ್ಲಿ ಕಾದ ನೆನಪೇ ಇಲ್ಲ, ಇಲ್ಲಿ ದಿನವೂ ಕಾಯುತ್ತೇನೆ. ಇದು ಬರೀ ಮನಸ್ಸಿನ ಭಾವನೆಯೇ?

ಉತ್ತರ: ಅಲ್ಲ, ಗಣಿತ. ಬಸ್ಸುಗಳು ಸರಿಯಾಗಿ ಹತ್ತು ಹತ್ತು ನಿಮಿಷಕ್ಕೆ ಬಂದರೆ, ಯಾವಾಗಲೋ ಬಂದು ನಿಂತವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ ಬಸ್ಸುಗಳು ಒಮ್ಮೆ 18 ನಿಮಿಷ, ಒಮ್ಮೆ 2 ನಿಮಿಷದ ಅಂತರದಲ್ಲಿ ಬಂದವು ಎನ್ನಿ. ಸರಾಸರಿ ಅಂತರ ಈಗಲೂ ಹತ್ತೇ, ವೇಳಾಪಟ್ಟಿ ಸುಳ್ಳಲ್ಲ. ಆದರೆ ಹತ್ತು ಜನ ಬಂದರೆ ಒಂಬತ್ತು ಜನ ಸಿಕ್ಕಿಕೊಳ್ಳುವುದು ಆ 18 ನಿಮಿಷದ ಅಂತರದಲ್ಲಿ. ಅವರು ಸರಾಸರಿ 9 ನಿಮಿಷ ಕಾಯುತ್ತಾರೆ, ಉಳಿದ ಒಬ್ಬರು 1 ನಿಮಿಷ. ಕೂಡಿಸಿ ಹತ್ತರಿಂದ ಭಾಗಿಸಿದರೆ 8.2 ನಿಮಿಷ.

ಅಂತರ ಹೀಗೆ ಕೆಡುವುದಕ್ಕೂ ಕಾರಣ ಇದೆ. ಒಂದು ಬಸ್ಸು ಸ್ವಲ್ಪ ತಡವಾದರೆ ನಿಲ್ದಾಣದಲ್ಲಿ ಜನ ಹೆಚ್ಚು ಕೂಡಿರುತ್ತಾರೆ, ಹತ್ತಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ, ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟುತ್ತದೆ. ಒಂದು ಕಿಕ್ಕಿರಿದು, ಹಿಂದೆಯೇ ಒಂದು ಖಾಲಿ, ಆಮೇಲೆ ಬಹಳ ಹೊತ್ತು ಏನೂ ಇಲ್ಲ ಅನ್ನುವ ಅನುಭವ ಇದರಿಂದಲೇ. ಎಲ್ಲ ಬಾಗಿಲುಗಳಿಂದ ಹತ್ತಲು ಬಿಡುವುದು, ಟಿಕೆಟ್ಟನ್ನು ಹತ್ತುವ ಮೊದಲೇ ಕೊಡುವುದು, ಮುಖ್ಯ ನಿಲ್ದಾಣಗಳಲ್ಲಿ ಬೇಗ ಬಂದ ಬಸ್ಸನ್ನು ಅರ್ಧ ನಿಮಿಷ ಹಿಡಿದು ನಿಲ್ಲಿಸುವುದು ಇದನ್ನು ಸರಿಪಡಿಸುವ ದಾರಿಗಳು. ಬಸ್ಸಿಗೆ ಪ್ರತ್ಯೇಕ ಪಥ ಸಿಕ್ಕರೆ ಮೊದಲ ತಡವೇ ಕಡಿಮೆಯಾಗುತ್ತದೆ.

ಎರಡೂ ಊರಲ್ಲಿ ಒಂದೇ ಹೊತ್ತಿಗೆ, ಒಂದೇ ಮಾರ್ಗದ ಸತತ ಏಳು ಬಸ್ಸುಗಳ ಸಮಯ ಬರೆದುಕೊಳ್ಳಿ. ಏಳು ಬಸ್ಸಿಗೆ ಆರು ಅಂತರಗಳು. ಪ್ರತಿ ಅಂತರವನ್ನು ಅದರಿಂದಲೇ ಗುಣಿಸಿ ಎಲ್ಲ ಕೂಡಿಸಿ. ಅದನ್ನು, ಅಂತರಗಳ ಒಟ್ಟು ಮೊತ್ತದ ಎರಡರಷ್ಟರಿಂದ ಭಾಗಿಸಿ. ಬಂದದ್ದು ನಿಜವಾದ ಸರಾಸರಿ ಕಾಯುವಿಕೆ. ಅದರ ಜತೆ ಕೊನೆಯ ಬಸ್ಸು ಎಷ್ಟಕ್ಕೆ ಅನ್ನುವುದನ್ನೂ ಸೇರಿಸಿ, ರಾತ್ರಿ ಪಾಳಿಯವರ ಪಾಲಿಗೆ ನಗರ ಎಷ್ಟು ದೊಡ್ಡದು ಅನ್ನುವುದನ್ನು ಅದು ತೀರ್ಮಾನಿಸುತ್ತದೆ.

ಟಿಕೆಟ್ ದರವನ್ನು ವಿನಿಮಯ ದರದಲ್ಲಿ ಲೆಕ್ಕ ಹಾಕಿ "ದುಬಾರಿ", "ಅಗ್ಗ" ಅನ್ನಬೇಡಿ. ಆ ಊರಿನ ಕನಿಷ್ಠ ಕೂಲಿಯಲ್ಲಿ ಒಂದು ಟಿಕೆಟ್ಟಿಗೆ ಎಷ್ಟು ನಿಮಿಷ ದುಡಿಯಬೇಕು ಎಂದು ನೋಡಿ. ನಿಮ್ಮೂರಿಗೂ ಅದೇ ಲೆಕ್ಕ. ಬಾಡಿಗೆಗೂ ಇದನ್ನೇ ಬಳಸಬಹುದು, ಆಗ ನಿಮಿಷದ ಬದಲು ದಿನಗಳು ಬರುತ್ತವೆ.

ಪ್ರಶ್ನೆ: ಅಂತರ್ಜಾಲದಲ್ಲಿ ಕೊಟ್ಟ ಜನಸಂಖ್ಯೆ, ಜನಸಾಂದ್ರತೆ ನೋಡಿದರೆ ಒಂದು ಅಂಕಿಯೂ ಕಣ್ಣಿಗೆ ಕಂಡದ್ದಕ್ಕೆ ಹೊಂದುವುದಿಲ್ಲ.

ಉತ್ತರ: ಗೆರೆ ಎಲ್ಲಿ ಎಳೆದಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಪ್ಯಾರಿಸ್ ನಗರಾಡಳಿತದ ವ್ಯಾಪ್ತಿ ಸುಮಾರು 105 ಚದರ ಕಿಲೋಮೀಟರ್, ಅದರ ಹೊರಗೂ ಅದೇ ನಗರ ಮುಂದುವರಿಯುತ್ತದೆ. ಗ್ರೇಟರ್ ಲಂಡನ್ ಸುಮಾರು 1,572. ಲಂಡನ್ನಿನ ಒಳಗೇ "ಸಿಟಿ" ಎಂಬ ಹೆಸರಿನ ಹಳೆಯ ಭಾಗವೊಂದಿದೆ, ಅದು 3 ಚದರ ಕಿಲೋಮೀಟರ್ ಕೂಡ ಇಲ್ಲ. ಚೀನಾದ ಚೋಂಗ್‌ಚಿಂಗ್ 80 ಸಾವಿರ ಚದರ ಕಿಲೋಮೀಟರ್‌ಗೂ ಹೆಚ್ಚು, ಹೆಚ್ಚುಕಡಿಮೆ ಆಸ್ಟ್ರಿಯಾ ದೇಶದಷ್ಟು. ಬೆಟ್ಟ, ಗದ್ದೆ, ಹಳ್ಳಿ ಎಲ್ಲ ಅದರೊಳಗೇ. ಇವುಗಳ ಸಾಂದ್ರತೆಯನ್ನು ಪಕ್ಕಪಕ್ಕ ಇಟ್ಟರೆ ಅರ್ಥವಿಲ್ಲ.

ಇದಕ್ಕೊಂದು ಒಳ್ಳೆಯ ಅಳತೆಗೋಲು ಈಗ ಇದೆ. ವಿಶ್ವಸಂಸ್ಥೆಯ ಅಂಕಿಸಂಖ್ಯಾ ಆಯೋಗ 2020ರಲ್ಲಿ ಒಪ್ಪಿದ ಕ್ರಮದಲ್ಲಿ ಆಡಳಿತದ ಗಡಿಯನ್ನು ಬದಿಗಿಟ್ಟು, ಭೂಮಿಯನ್ನು ಒಂದೊಂದು ಚದರ ಕಿಲೋಮೀಟರ್ ಚೌಕಗಳಾಗಿ ವಿಂಗಡಿಸುತ್ತಾರೆ. ಚೌಕಕ್ಕೆ ಕನಿಷ್ಠ 1,500 ಜನ ಇರುವ, ಒಂದಕ್ಕೊಂದು ತಾಗಿದ ಚೌಕಗಳಲ್ಲಿ ಒಟ್ಟು ಕನಿಷ್ಠ 50,000 ಜನ ಇದ್ದರೆ ಅದು ನಗರ. ಹೋಲಿಸುವುದಾದರೆ ಈ ಬಗೆಯ ಅಂಕಿ ಹುಡುಕಿ. ಸಿಗದಿದ್ದರೆ ಎರಡು ಬಡಾವಣೆಗಳನ್ನು ಹೋಲಿಸಿ, ಇಡೀ ನಗರಗಳನ್ನು ಬಿಡಿ.

ಪ್ರಶ್ನೆ: ಫೋನಿನಲ್ಲಿ ಎರಡೂ ಊರಿನ ಗಾಳಿಯ ಗುಣಮಟ್ಟ ಸೂಚ್ಯಂಕ 85 ಆಸುಪಾಸು ತೋರಿಸುತ್ತದೆ. ಅಲ್ಲಿ ಉಸಿರಾಟ ಹಗುರ ಅನ್ನಿಸಿತ್ತು. ಯಾವುದು ಸರಿ?

ಉತ್ತರ: ಎರಡು ದೇಶಗಳ ಊರುಗಳಾದರೆ ಆ 85 ಬೇರೆ, ಈ 85 ಬೇರೆ. ಸೂಚ್ಯಂಕವನ್ನು ಒಂದೊಂದು ದೇಶ ಒಂದೊಂದು ಕೋಷ್ಟಕದಿಂದ ಲೆಕ್ಕ ಹಾಕುತ್ತದೆ. ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಧೂಳು 50 ಮೈಕ್ರೋಗ್ರಾಂ ಇದ್ದರೆ ಭಾರತದ ಕೋಷ್ಟಕದಲ್ಲಿ ಸೂಚ್ಯಂಕ ಸುಮಾರು 83, "ತೃಪ್ತಿಕರ". ಅಷ್ಟೇ ಧೂಳಿಗೆ ಅಮೆರಿಕ 2024ರಲ್ಲಿ ಪರಿಷ್ಕರಿಸಿದ ಕೋಷ್ಟಕದಲ್ಲಿ ಸುಮಾರು 137, ಸೂಕ್ಷ್ಮ ಆರೋಗ್ಯದವರಿಗೆ ಹಾನಿಕರ ಎಂಬ ವರ್ಗ. ಆದ್ದರಿಂದ ಸೂಚ್ಯಂಕ ಬಿಟ್ಟು ಮೈಕ್ರೋಗ್ರಾಂ ಅಂಕಿಯನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ದಿನದ ಸರಾಸರಿಗೆ 15, ವರ್ಷದ ಸರಾಸರಿಗೆ 5.

ಅಳೆಯುವ ಯಂತ್ರ ಎಲ್ಲಿದೆ ಅನ್ನುವುದೂ ಮುಖ್ಯ. ಉದ್ಯಾನದೊಳಗಿನ ಯಂತ್ರವನ್ನೂ ಜಂಕ್ಷನ್ ಪಕ್ಕದ ಯಂತ್ರವನ್ನೂ ಹೋಲಿಸಬೇಡಿ. ಎರಡು ದಿನದ ಅಂಕಿ ಗಾಳಿ ಬೀಸಿದ ದಿಕ್ಕನ್ನು ಹೇಳುತ್ತದೆ, ವರ್ಷದ ಸರಾಸರಿ ನಗರವನ್ನು ಹೇಳುತ್ತದೆ.

ಪ್ರಶ್ನೆ: ಹವೆ ಬಹಳ ಹಿಡಿಸಿತು. ವರ್ಷಪೂರ್ತಿ ಹೀಗೇ ಇರುತ್ತದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: 1991ರಿಂದ 2020ರವರೆಗಿನ ಮೂವತ್ತು ವರ್ಷದ ತಿಂಗಳ ಸರಾಸರಿಗಳು ಹವಾಮಾನ ಇಲಾಖೆಗಳಲ್ಲಿ ಸಿಗುತ್ತವೆ. ವಾರ್ಷಿಕ ಸರಾಸರಿ ನೋಡಬೇಡಿ, ಅತಿ ಕೆಟ್ಟ ತಿಂಗಳು ಯಾವುದೋ ಅದನ್ನು ನೋಡಿ. ಸೆಕೆಯ ವಿಷಯದಲ್ಲಿ ಆರ್ದ್ರತೆಯ ಶೇಕಡಾವಾರು ದಾರಿ ತಪ್ಪಿಸುತ್ತದೆ. 20 ಡಿಗ್ರಿಯಲ್ಲಿ ಶೇ 70 ಆರ್ದ್ರತೆ ಹಿತವಾಗಿಯೇ ಇರುತ್ತದೆ, 30 ಡಿಗ್ರಿಯಲ್ಲಿ ಅದೇ ಶೇ 70 ಅಂಟಂಟು. ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಮಾನ, ನೋಡಿದರೆ ವ್ಯತ್ಯಾಸ ಕಾಣುತ್ತದೆ: ಮೊದಲನೆಯದು 14 ಡಿಗ್ರಿ, ಎರಡನೆಯದು 24ರ ಹತ್ತಿರ. 20 ದಾಟಿತೆಂದರೆ ಬೆವರು ಆರುವುದು ನಿಧಾನ. ರಾತ್ರಿಯ ಕನಿಷ್ಠ ತಾಪಮಾನವನ್ನು ಮರೆಯಬೇಡಿ. ಕಾಂಕ್ರೀಟು ಹಗಲಲ್ಲಿ ಹೀರಿದ ಬಿಸಿಯನ್ನು ರಾತ್ರಿ ಬಿಡುವುದರಿಂದ ನಿದ್ದೆ ಕೆಡುವುದು ಆ ಅಂಕಿಯಿಂದ.

ಪ್ರಶ್ನೆ: ಅಲ್ಲಿ ಸೋಪಿನ ನೊರೆ ತೊಳೆದಷ್ಟೂ ಹೋಗುತ್ತಿರಲಿಲ್ಲ. ನೀರಿನಲ್ಲಿ ಏನಾದರೂ ದೋಷವೇ?

ಉತ್ತರ: ದೋಷವಲ್ಲ, ಮೆದು ನೀರು. ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ ಇದ್ದರೆ ಸೋಪು ಪೂರ್ತಿ ನೊರೆಯಾಗುತ್ತದೆ. ನಿಮ್ಮೂರಿನದು ಗಡಸು ನೀರಿರಬೇಕು, ಅದರಲ್ಲಿ ಸೋಪಿನ ಒಂದು ಪಾಲು ಬಿಳಿ ಗಸಿಯಾಗಿ ಬಕೆಟ್ಟಿಗೆ ಅಂಟುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 60 ಮಿಲಿಗ್ರಾಂವರೆಗೆ ಮೆದು, 180 ದಾಟಿದರೆ ಬಹಳ ಗಡಸು. ಮೆದು ನೀರಿನ ಆ ಊರಿನಲ್ಲಿ ಅರ್ಧದಷ್ಟು ಸೋಪು ಬಳಸಿ.

ಪ್ರಶ್ನೆ: ಆ ನಗರದಲ್ಲಿ ಕಂಡ ಬಸ್ ವ್ಯವಸ್ಥೆಯನ್ನು ನಮ್ಮೂರಿಗೂ ತರಬೇಕೆಂದು ನಗರಾಡಳಿತಕ್ಕೆ ಮನವಿ ಬರೆಯಬೇಕು ಅಂತಿದೆ. ಹೇಗೆ ಬರೆದರೆ ಓದುತ್ತಾರೆ?

ಉತ್ತರ: ದಯವಿಟ್ಟು ಬರೆಯಿರಿ. ಆದರೆ "ಅಲ್ಲಿಯ ಹಾಗೆ ಮಾಡಿ" ಎಂದು ಬರೆಯಬೇಡಿ. ಕಣ್ಣಿಗೆ ಕಂಡ ವಸ್ತುವಿನ ಜತೆಗೆ ಅದು ನಡೆಯಲು ಬೇಕಾದದ್ದನ್ನೂ ತರಬೇಕು ಅನ್ನುವುದಕ್ಕೆ ಬ್ರೆಜಿಲ್ಲಿನ ಕುರಿಟಿಬಾ ನಗರ ನೋಡಿ. 1974ರಲ್ಲಿ ಅಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಬಂತು. ಪಥದ ಜತೆಗೇ, ಎತ್ತರದ ಕಟ್ಟಡಗಳಿಗೆ ಆ ಮಾರ್ಗಗಳ ಬದಿಯಲ್ಲಿ ಅವಕಾಶ ಕೊಟ್ಟು, ಪ್ರಯಾಣಿಕರು ನಿಲ್ದಾಣದ ಹತ್ತಿರವೇ ಇರುವಂತೆ ನೋಡಿಕೊಂಡರು. 1991ರಲ್ಲಿ ಕೊಳವೆಯಾಕಾರದ ನಿಲ್ದಾಣಗಳು ಬಂದವು. ನೆಲ ಬಸ್ಸಿನ ನೆಲದಷ್ಟೇ ಎತ್ತರ, ಟಿಕೆಟ್ ಒಳಬರುವಾಗಲೇ. ಮೆಟ್ಟಿಲಿಲ್ಲ, ಚಿಲ್ಲರೆ ಹುಡುಕುವುದಿಲ್ಲ, ಹಲವು ಬಾಗಿಲುಗಳಲ್ಲಿ ಒಟ್ಟಿಗೆ ಹತ್ತಿ ಇಳಿಯುತ್ತಾರೆ. ರಸ್ತೆಗೆ ಬಣ್ಣದ ಗೆರೆ ಮಾತ್ರ ಎಳೆದು ಉಳಿದದ್ದನ್ನು ಬಿಟ್ಟರೆ ಆ ವೇಗ ಬರುವುದಿಲ್ಲ, ಪಥದಲ್ಲಿ ಎರಡೇ ತಿಂಗಳಿಗೆ ಕಾರು ನಿಂತಿರುತ್ತವೆ.

ಮನವಿ ಒಂದು ಪುಟ ಮೀರದಿರಲಿ. ಒಂದೇ ರಸ್ತೆಯ ಹೆಸರು, ಅದರ ಅಗಲ ಟೇಪಿನಲ್ಲಿ ಅಳೆದದ್ದು, ಬೆಳಗ್ಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಆ ರಸ್ತೆಯಲ್ಲಿ ಹೋದ ಬಸ್ಸೆಷ್ಟು, ಕಾರೆಷ್ಟು, ಒಳಗಿದ್ದ ಜನ ಎಷ್ಟು. ಕಾರಿನ ಜನರನ್ನು ಇಪ್ಪತ್ತು ಕಾರಿಗೊಮ್ಮೆ ಎಣಿಸಿ ಸರಾಸರಿ ತೆಗೆದರೆ ಸಾಕು. ಮೇಲೆ ಹೇಳಿದ ಕಾಯುವಿಕೆಯ ಲೆಕ್ಕವನ್ನು ಸೇರಿಸಿ. ಎರಡು ಚಿತ್ರ ಲಗತ್ತಿಸಿ, ಆ ನಗರದ ನಿಲ್ದಾಣದ್ದು ಒಂದು, ನಿಮ್ಮೂರಿನದು ಒಂದು. ಎರಡನ್ನೂ ಎದೆಮಟ್ಟದಿಂದ, ಫುಟ್‌ಪಾತಿನ ಅಂಚು ಮತ್ತು ಬಸ್ಸಿನ ಬಾಗಿಲು ಒಟ್ಟಿಗೆ ಕಾಣುವಂತೆ ತೆಗೆದಿರಬೇಕು, ಆಗ ಮೆಟ್ಟಿಲಿನ ಎತ್ತರದ ವ್ಯತ್ಯಾಸ ವಿವರಿಸದೆ ಗೊತ್ತಾಗುತ್ತದೆ. ಕೊನೆಗೆ ಕೇಳುವುದು ಒಂದೇ ನಿಲ್ದಾಣದಲ್ಲಿ, ಮೂರು ತಿಂಗಳ ಪ್ರಯೋಗ. ಮನವಿ ಕೊಟ್ಟ ದಿನವೇ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.